ಬಳೆಗೆ ಸೇರುವ ಮಾತು

ಹೋದ ವಾರ ಕೊರಿಯರ್‌ನವನು ಬಳೆಯ ಪೆಟ್ಟಿಗೆಯೊಂದನ್ನು ತಂದು ಗುಬ್ಬಿಯ ನನ್ನ ಅಂಗಡಿಯ ಕೌಂಟರಿನ ಮೇಲಿಟ್ಟ. ಇಡುವಾಗಲೇ ಒಳಗಿನ ಸದ್ದು ಸರಿಯಿರಲಿಲ್ಲ. ಬಳೆ ಮಾರುವವರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ಅವನ ಎದುರಿಗೇ ಪೆಟ್ಟಿಗೆ ಬಿಚ್ಚಿಸಿದೆ. ನಿಮಗೂ ಹೇಳುತ್ತೇನೆ, ಗಾಜಿನ ಸಾಮಾನು ಮನೆಗೆ ಬಂದರೆ ತಂದವನು ಹೊಸಿಲು ದಾಟುವ ಮೊದಲೇ ಬಿಚ್ಚಿ ನೋಡಿ, ಆಮೇಲೆ ನೀವು ಎಷ್ಟು ಬಾಯಿ ಮಾಡಿದರೂ ಯಾರೂ ಕೇಳುವುದಿಲ್ಲ. ಮೇಲಿನ ಸಾಲಿನ ಬಳೆಗಳೆಲ್ಲ ಚೂರಾಗಿದ್ದವು. ಅವನು ಜೇಬಿನಿಂದ ಕಪ್ಪು ಮಾರ್ಕರ್ ತೆಗೆದು, ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ಬ್ರೇಕೇಜ್' ಎಂದು ಬರೆದ.

ಆ ಮಾರ್ಕರಿನ ಘಾಟು ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮಿಸ್ ನೆನಪಾದರು...

ನಮ್ಮ ಅಂಗಡಿಯ ಮೇಲಿನ ರೂಮಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದವರು ಅವರು. ಆ ರೂಮಿನಲ್ಲಿ ಇದೇ ವಾಸನೆ ಇರುತ್ತಿತ್ತು. ನಾನು ಬಳೆ ಮಾರಿ ಬದುಕಿದವಳು, ಗಿರಾಕಿ ಬಾಯಿ ಬಿಡುವ ಮೊದಲೇ ಅವಳು ಕೊಳ್ಳುತ್ತಾಳೋ ಇಲ್ಲವೋ ಹೇಳಬಲ್ಲೆ. ಆದರೆ ಮಿಸ್ ಕೊನೆಯ ದಿನ ನನ್ನೆದುರು ನಿಂತು ಆಡಿದ ಮೂರು ನಾಲ್ಕು ಮಾತುಗಳಿಗೆ ಏನು ಅರ್ಥ ಎಂದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಅದು ಇಂಗ್ಲಿಷ್ ಪಾಠ ಹೇಳಿ ಹೇಳಿ ನಾಲಿಗೆಗೆ ಅಂಟಿದ ಅಭ್ಯಾಸವೋ, ಅವರ ಬದುಕಿನ ಸುದ್ದಿಯೋ...

ಕೊರೋನಾ ಕಳೆದು ಅಂಗಡಿಗಳು ಮತ್ತೆ ಉಸಿರಾಡತೊಡಗಿದ್ದ ಕಾಲ ಅದು. ಮದುವೆಯಾದ ಹೊಸದರಲ್ಲಿ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ನಿಟ್ಟೂರಿನ ಸುತ್ತಮುತ್ತ ಬೀದಿ ಬೀದಿ ಅಲೆದವಳು ನಾನು. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ, ಅದರ ಮೇಲೊಂದು ರೂಮು ಎಂದು ಮಾಡಿಕೊಂಡದ್ದು ಪೂರ್ತಿ ನನ್ನ ನಾಲಿಗೆಯ ಬಲದಿಂದ. ಆ ರೂಮು ಖಾಲಿ ಬಿದ್ದಿತ್ತು. ಒಂದು ದಿನ ತುಮಕೂರಿನಿಂದ ರೈಲಿನಲ್ಲಿ ಬಂದಿಳಿದ ಒಬ್ಬರು, ಕಾಟನ್ ಸೀರೆ, ಹೆಗಲಿಗೊಂದು ಬ್ಯಾಗು, ಎರಡೂ ಕೈ ತುಂಬಾ ಹಸಿರು ಗಾಜಿನ ಬಳೆ, ಮೇಲೆ ಹತ್ತಿ ರೂಮು ನೋಡಿ, ಇಂಗ್ಲಿಷ್ ಕ್ಲಾಸಿಗೆಂದು ಬಾಡಿಗೆ ಕೇಳಿದರು. ನಾನು ಹೇಳಿದೆ. ಅವರು ಅರ್ಧ ಹೇಳಿದರು. ಖಾಲಿ ರೂಮಿಗೆ ಬಂದವರನ್ನು ಬಾಗಿಲಿನಿಂದ ವಾಪಸ್ಸು ಕಳಿಸಬಾರದು, ಇದು ನನ್ನ ಲೆಕ್ಕ.

"ನಿಮಗೂ ಬೇಡ, ನಂಗೂ ಬೇಡ ಮಿಸ್. ನೀವ್ ಹೇಳ್ದಷ್ಟೇ ಕೊಡಿ. ಆದ್ರೆ ಕ್ಲಾಸಲ್ಲಿ ನಾನೂ ಕೂತ್ಕೋತೀನಿ, ಫೀಸ್ ಕೇಳಂಗಿಲ್ಲ," ಅಂದೆ.

ಅವರು ನಕ್ಕುಬಿಟ್ಟರು. "ಯೂ ಡ್ರೈವ್ ಎ ಹಾರ್ಡ್ ಬಾರ್ಗೇನ್, ಅಕ್ಕ."

"ಡ್ರೈವಾ? ನಂಗೆ ಸ್ಕೂಟಿನೇ ಓಡ್ಸಕ್ಕೆ ಬರಲ್ಲ ಬುಡಿ."

"ಚೌಕಾಸಿಗೆ ಇಂಗ್ಲಿಷ್‌ನೋರು ಡ್ರೈವ್ ಅಂತ ಸೇರಿಸ್ತಾರೆ. ನಾವು ವ್ಯಾಪಾರ ಕುದುರ್ತು ಅನ್ನಲ್ವಾ, ಹಂಗೆ. ಕುದ್ರೋದು ಅಂದ್ರೆ ಏನು ಅಂತ ಯಾರಾದ್ರೂ ಕೇಳಿದಾರಾ?"

ಹೌದಲ್ಲ ಅನ್ನಿಸಿತು. ಅಷ್ಟು ವರ್ಷ ವ್ಯಾಪಾರ ಕುದುರಿಸಿದ್ದೇನೆ, ಒಂದು ದಿನವೂ ಆ ಮಾತನ್ನು ತಿರುಗಿಸಿ ನೋಡಿರಲಿಲ್ಲ.

ನನಗೆ ಇಂಗ್ಲಿಷ್ ಬೇಕಾಗಿದ್ದದ್ದು ಕಾರಣವಿದ್ದೇ. ಬೆಂಗಳೂರಿನಲ್ಲಿ ಮದುವೆಗಳ ಏರ್ಪಾಟು ವಹಿಸಿಕೊಳ್ಳುವ ಒಬ್ಬ ಮೇಡಂ ನನ್ನ ಹತ್ತಿರ ಸಗಟಿನಲ್ಲಿ ಬಳೆ ತರಿಸಲು ಶುರುಮಾಡಿದ್ದರು. ಕನ್ನಡ ಅವರಿಗೆ ಬಾರದು. ಅವರ ಫೋನು ಬಂದರೆ ನಾನು 'ಎಸ್ ಮೇಡಂ, ಓಕೆ ಮೇಡಂ' ಅನ್ನುತ್ತಿದ್ದೆ. ಎಸ್, ಓಕೆ ಎರಡೇ ಇಟ್ಟುಕೊಂಡು ಚೌಕಾಸಿ ಮಾಡಲಾಗುವುದಿಲ್ಲ. 'ಇಲ್ಲ' ಎನ್ನುವುದಕ್ಕೆ ಬರದ ಭಾಷೆಯಲ್ಲಿ ವ್ಯಾಪಾರಕ್ಕೆ ಇಳಿಯಬೇಡಿ, ಮುಳುಗುತ್ತೀರಿ.

ಕ್ಲಾಸಿನಲ್ಲಿ ನಾವು ಕೆಲವೇ ಜನ. ಬಾಯಿ ಬಿಡುತ್ತಿದ್ದವರು ಮುಖ್ಯವಾಗಿ ನಾನು ಮತ್ತು ನಿಟ್ಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಒಬ್ಬಾತ. ಮಿಸ್ ಗ್ರಾಮರ್ ಮುಟ್ಟುತ್ತಲೇ ಇರಲಿಲ್ಲ. ಬಿಳಿ ಬೋರ್ಡಿನ ಎಡಗಡೆ ಒಂದು ಪದ ಬರೆಯುವರು, ಅದರ ಜೊತೆಗಾರ ಪದವನ್ನು ನಾವು ಹೇಳಬೇಕು. "ಒಂಟಿ ಪದ ಕಲೀಬೇಡಿ. ಒಂದೊಂದು ಪದಕ್ಕೂ ಒಂದು ಜೊತೆ ಇರುತ್ತೆ, ಜೊತೇಲೇ ಕಲೀರಿ," ಎನ್ನುತ್ತಿದ್ದರು. ಮಿಸ್ಟೇಕ್ ಮಾಡುವುದು ಮೇಕ್, ಹೋಮ್‌ವರ್ಕ್ ಮಾಡುವುದು ಡು. ಸ್ನಾನ ಮಾಡುವುದು ಮೇಕೂ ಅಲ್ಲ, ಡೂ ಅಲ್ಲ, ಟೇಕ್! ನಮಗೆ ಮೂರೂ ಮಾಡುವುದೇ. ತಲೆ ಕೆಟ್ಟುಹೋಗುತ್ತಿತ್ತು.

"ಟೀ ಸ್ಟ್ರಾಂಗು, ಮಳೆ ಹೆವಿ. ಯಾಕ್ ಮಿಸ್? ಮಳೆ ಸ್ಟ್ರಾಂಗ್ ಆದ್ರೆ ಅವರ ಗಂಟೇನ್ ಹೋಗುತ್ತೆ?" ಎಂದು ನಾನು.

"ಗಂಟೇನೂ ಹೋಗಲ್ಲ. ಅವರು ಹಂಗನ್ನಲ್ಲ, ಅಷ್ಟೇ."

"ಮಳೆ ಬೇಡ, ಬುಡಿ. ಗಾಳಿಗಾದ್ರೂ ಸ್ಟ್ರಾಂಗ್ ಕೊಡಿ."

ಮಿಸ್ ಒಂದು ಕ್ಷಣ ಯೋಚಿಸಿದರು. "ಗಾಳಿಗೆ ಸ್ಟ್ರಾಂಗ್ ಆಗುತ್ತೆ."

"ನೋಡಿದ್ರಾ, ಕೇಳಿದ್ಕೆ ಸಿಕ್ತು!" ಎಂದು ನಾನು ನಿಟ್ಟೂರಿನವನ ಕಡೆ ತಿರುಗಿ ಹೇಳಿದೆ. "ಕೇಳ್ಬೇಕು ಕಣಪ್ಪ, ಸುಮ್ನೆ ಬರ್ಕೊಂಡ್ ಕೂತ್ರೆ ಏನೂ ಸಿಗಲ್ಲ."

"ಅಕ್ಕ ಇನ್ನೊಂದ್ ವಾರ ಬಂದ್ರೆ ಇಂಗ್ಲಿಷ್ನೇ ಅರ್ಧ ರೇಟಿಗೆ ಇಳಿಸ್ತಾರೆ ಮಿಸ್," ಎಂದ ಅವನು.

ಮಿಸ್ ಸೋಲುವವರಲ್ಲ. ಮಾರ್ಕರ್ ನನ್ನ ಕಡೆ ತೋರಿಸಿ, "ಸೀರೆ ಏನ್ ಮಾಡ್ತೀರಾ ಅಕ್ಕ?" ಅಂದರು.

"ಉಡ್ತೀನಿ."

"ಬಳೆ?"

"ತೊಡ್ತೀನಿ."

"ಹೂವ?"

"ಮುಡೀತೀನಿ."

"ಕುಂಕುಮ?"

"ಇಟ್ಕೋತೀನಿ."

"ಚಪ್ಪಲಿ ಮೆಟ್ತಾರೆ ಮಿಸ್," ಎಂದು ನಿಟ್ಟೂರಿನವನು ಕೇಳದೆಯೇ ಸೇರಿಸಿದ.

"ಯಾರಾದ್ರೂ ಬಂದು, ಹೂವ ಉಟ್ಕೊಂಡೆ, ಸೀರೆ ಮುಡ್ಕೊಂಡೆ ಅಂದ್ರೆ ಏನಂತೀರಾ? ಯಾಕೆ ಅನ್ನಬಾರ್ದು ಅಂತ ಕೇಳಿದ್ರೆ ಏನ್ ಕಾರಣ ಕೊಡ್ತೀರಾ? ಇಂಗ್ಲಿಷ್‌ನೋರು ಇಷ್ಟಕ್ಕೂ ಸೇರಿ ಒಂದೇ ಮಾತಂತಾರೆ, ವೇರ್."

"ಇಷ್ಟಕ್ಕೂ ಒಂದೇನಾ! ಹಂಗಾದ್ರೆ ಹೋಲ್‌ಸೇಲ್ ಅಂಗಡಿ ಅವರದ್ದು," ಅಂದೆ. ಅವತ್ತಿನಿಂದ ನನಗೆ ಇಂಗ್ಲಿಷಿನ ಮೇಲೆ ಸ್ವಲ್ಪ ಗೌರವ ಬಂತು.

ಇಷ್ಟು ಕಲಿತ ಧೈರ್ಯದಲ್ಲಿ ನಾನು ಆ ಬೆಂಗಳೂರಿನ ಮೇಡಮ್ಮಿಗೆ ಫೋನು ಮಾಡಿ ಒಂದು ಎಡವಟ್ಟು ಮಾಡಿಕೊಂಡೆ. ಅವರು ವಹಿಸಿಕೊಂಡಿದ್ದ ಒಂದು ಮದುವೆಗೆಂದು ನಾನು ತರಿಸಿದ್ದ ಬಳೆಯಲ್ಲಿ ಒಂದಷ್ಟು ಬಸ್ಸಿನಲ್ಲಿ ಬರುವಾಗ ಹಾಳಾಗಿತ್ತು. ಕಡಿಮೆ ಬೀಳುತ್ತದೆ ಎಂದು ತಿಳಿಸಬೇಕಿತ್ತು. ನಮ್ಮಲ್ಲಿ ಬಳೆ 'ಒಡೆಯಿತು' ಎನ್ನುವುದಿಲ್ಲ, ನಿಮಗೆ ಗೊತ್ತು. ಅದು ಗಂಡ ಹೋದ ಮನೆಯಲ್ಲಿ ಆಡುವ ಮಾತು. ಬಳೆ 'ಹೆಚ್ಚಿತು' ಅನ್ನಬೇಕು. ಮಾರುವವಳಂತೂ ಅನ್ನಲೇಬೇಕು. ನಾನು ಯೋಚಿಸಿ, ಪದ ಜೋಡಿಸಿ, "ಮೇಡಂ, ಬ್ಯಾಂಗಲ್ಸ್ ಇನ್‌ಕ್ರೀಸ್ಡ್ ಇನ್ ದ ಬಸ್" ಅಂದೆ.

ಅವರು ಖುಷಿಯಾಗಿ, "ವೆರಿ ಗುಡ್! ಸೆಂಡ್ ದ ಎಕ್ಸ್‌ಟ್ರಾ ಆಲ್ಸೋ" ಅಂದುಬಿಟ್ಟರು.

ಮೆಟ್ಟಿಲ ಮೇಲಿದ್ದ ಮಿಸ್ ಇಳಿದು ಬಂದು ನನ್ನ ಕೈಯಿಂದ ಫೋನು ಇಸಿದುಕೊಂಡು ವಿಷಯ ಸರಿಮಾಡಿದರು. ಆಮೇಲೆ ಕೌಂಟರ್ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಬ್ಯಾಂಗಲ್‌ಗೆ ಬ್ರೇಕ್ ಸೇರುತ್ತೆ ಅಕ್ಕ. ಎಲ್ಲಿ ಹೇಳಿ, ದ ಬ್ಯಾಂಗಲ್ ಬ್ರೋಕ್."

"ಮದ್ವೆ ಮನೆ ಬಳೆ ಮಿಸ್ ಅದು! ನನ್ ಬಾಯಲ್ಲಿ ಬರಲ್ಲ."

"ಇಂಗ್ಲಿಷ್‌ನಲ್ಲಿ ಹೇಳಿದ್ರೆ ಏನೂ ತಟ್ಟಲ್ಲ."

"ಯಾಕೆ, ದೇವ್ರಿಗೆ ಇಂಗ್ಲಿಷ್ ಬರಲ್ವಾ?"

ಅವರಿಗೆ ಮತ್ತೆ ನಗು ಉಕ್ಕಿತು. ನಗುತ್ತಾ ಹಿಂದೆ ಸರಿಯುವಾಗ ಮೊಳಕೈ ತಗುಲಿ ಸ್ಟ್ಯಾಂಡಿನಿಂದ ಒಂದು ಬಳೆ ಕೆಳಗೆ ಬಿತ್ತು. "ಅಯ್ಯೋ, ಒಂದು ಹೆಚ್ಚಿತಲ್ಲ ಅಕ್ಕ" ಅಂದರು. ಇದನ್ನು ನೆನಪಿಟ್ಟುಕೊಳ್ಳಿ. ಪಾಠದಲ್ಲಿ ಬ್ರೇಕ್ ಎಂದು ಎಷ್ಟು ಹೇಳಿದರೂ ಕನ್ನಡದಲ್ಲಿ ಅವರ ಬಾಯಿಂದ ಬಂದದ್ದು 'ಹೆಚ್ಚಿತು' ಎಂಬ ಮಾತೇ. ಎರಡು ಭಾಷೆಯನ್ನು ಎರಡು ಡಬ್ಬಿಯಲ್ಲಿ ಇಟ್ಟುಕೊಂಡಿದ್ದ ಹೆಂಗಸು ಅವರು. ಹೊರಡುವಾಗಲೂ ಹಾಗೆಯೇ, ಮೇಲೆ ಕ್ಲಾಸಿನವರಿಗೆಲ್ಲ ಬೈ ಬೈ ಅಂದವರು ಕೆಳಗಿಳಿದು ನನಗೆ ಮಾತ್ರ "ಹೋಗಿ ಬರ್ತೀನಿ ಅಕ್ಕ" ಎನ್ನುವರು. ಬರೀ 'ಹೋಗ್ತೀನಿ' ಎಂದು ನಮ್ಮಲ್ಲಿ ಯಾರೂ ಹೊಸಿಲು ದಾಟುವುದಿಲ್ಲವಲ್ಲ.

ಅವರ ಕೈಗೆ ಬಳೆ ತೊಡಿಸುತ್ತಿದ್ದವಳು ನಾನೇ. ಎರಡು ನಾಲ್ಕು ಸೈಜು, ಅಂದರೆ ಎರಡೂಕಾಲು ಇಂಚು, ಹಸಿರು, ಬೇರೆ ಬಣ್ಣ ಒಪ್ಪುತ್ತಿರಲಿಲ್ಲ. ಗೆಣ್ಣು ಸ್ವಲ್ಪ ದಪ್ಪ, ಬಳೆ ಅಲ್ಲಿ ನಿಲ್ಲುತ್ತಿತ್ತು. ಕೈ ಸಡಿಲ ಬಿಡಿಸಲು ನಾನು ಗಿರಾಕಿಗಳನ್ನು ಮಾತಿಗೆಳೆಯುತ್ತೇನೆ, ಮಾತಾಡುವವರ ಕೈ ತಾನಾಗಿ ಮೆತ್ತಗಾಗುತ್ತದೆ. ಹಾಗೆ ಬಂದ ಮಾತಿನಲ್ಲೇ ತಿಳಿದದ್ದು, ಅವರ ಯಜಮಾನರು ದುಬೈ ಕಡೆ ಕೆಲಸಕ್ಕೆ ಹೋಗಿ ವರ್ಷಗಳಾಗಿವೆ, ಮಿಸ್ ತುಮಕೂರಿನಲ್ಲಿ ಒಬ್ಬರೇ ಇದ್ದಾರೆ, ತವರು ಕುಣಿಗಲ್.

"ಈ ಗೌರಿ ಹಬ್ಬಕ್ಕೆ ಬರ್ತೀನಿ ಅಂತ ಮಾತು ಕೊಟ್ಟವ್ರೆ ಅಕ್ಕ," ಅಂದಿದ್ದರು. ಹಾಗೆನ್ನುವಾಗ ಅವರ ಕೈ ಬೆಣ್ಣೆಯಂತಾಗಿ ಬಳೆ ಸರಕ್ಕನೆ ಇಳಿದಿತ್ತು.

ಅಂಗಡಿಗೆ ಬರುವ ಹೆಂಗಸರ ಬಾಯಿ ಕೇಳಬೇಕೇ. ಅವನು ಅಲ್ಲೇ ಸಂಸಾರ ಹೂಡಿದ್ದಾನೆ ಎನ್ನುವವರು, ಅವನು ಬದುಕಿದ್ದಾನೋ ಇಲ್ಲವೋ ಯಾರು ಕಂಡವರು ಎನ್ನುವವರು. ನಾನು ಯಾವುದಕ್ಕೂ ಹೂಂ ಅನ್ನಲಿಲ್ಲ. ಗೌರಿ ಹಬ್ಬಕ್ಕೆ ಗೊತ್ತಾಗುತ್ತದೆ ಎಂದುಕೊಂಡೆ. ಬಂದರೆ ಮಿಸ್ ರೂಮು ಬಿಟ್ಟು ಅವರ ಜೊತೆ ಹೋಗುತ್ತಾರೇನೋ ಎಂಬ ಆತಂಕವೂ ಒಳಗೊಳಗೇ ಇತ್ತು, ಅದು ಬಾಡಿಗೆಗೋ ಬೇರೆ ಯಾವುದಕ್ಕೋ ಆಗ ನನಗೆ ತಿಳಿದಿರಲಿಲ್ಲ.

ಹಬ್ಬ ಹತ್ತಿರವಾಗುತ್ತಿದ್ದಾಗ ಒಂದು ದಿನ ಬೋರ್ಡಿನ ಮೇಲೆ 'ಪ್ರಾಮಿಸ್' ಎಂದು ಬರೆದರು. ಅದರ ಜೊತೆಗೆ ಮೂರು: ಮೇಕ್, ಕೀಪ್, ಬ್ರೇಕ್.

ನಿಟ್ಟೂರಿನವನು ಕೈಯೆತ್ತಿದ. "ಕೀಪ್ ಅಂದ್ರೆ ಇಟ್ಕೊಳ್ಳೋದು ಅಲ್ವಾ ಮಿಸ್? ಪ್ರಾಮಿಸ್ನ ಯಾರು ಇಟ್ಕೋಬೇಕು? ಕೊಟ್ಟವನೋ, ಇಸ್ಕೊಂಡವನೋ?"

ನಾವೆಲ್ಲ ನಕ್ಕೆವು. ಆದರೆ ಕೇಳಿದ್ದು ಸರಿಯಾಗಿಯೇ ಇತ್ತು, ನಮ್ಮಲ್ಲಿ ಕೊಟ್ಟ ಸಾಮಾನನ್ನು ಇಟ್ಟುಕೊಳ್ಳುವವರು ಇಸಿದುಕೊಂಡವರು ತಾನೆ.

ಮಿಸ್ ನಗಲಿಲ್ಲ. ಮಾರ್ಕರಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಕೊಟ್ಟವ್ರು ಇಟ್ಕೋಬೇಕು," ಅಂದರು. "ಆದ್ರೆ ಇಸ್ಕೊಂಡವ್ರೇ ಇಟ್ಕೊಂಡು ಕೂತಿರ್ತಾರೆ."

ಆಮೇಲೆ ಆ ದಿನ ಬಂತು. ಹಬ್ಬಕ್ಕೆ ಇನ್ನೂ ಸ್ವಲ್ಪ ದಿನವಿತ್ತು, ಅಂಗಡಿ ತುಂಬಾ ಗಿರಾಕಿಗಳು. ಕ್ಲಾಸ್ ಮುಗಿಸಿ ಮಿಸ್ ಕೆಳಗಿಳಿದು ಬಂದರು. ಬಲಗೈಯಲ್ಲಿ ಬಳೆ ಹಾಗೇ ಇತ್ತು, ಎಡಗೈ ಬರಿದು. ಮಣಿಕಟ್ಟಿನ ಹತ್ತಿರ ಸಣ್ಣ ಗೀರು.

"ಬಳೆ ಒಡೀತು ಅಕ್ಕ," ಅಂದರು.

ಅಂಗಡಿಯಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ನಾನು ಒಬ್ಬರ ಕೈಗೆ ಬಳೆ ತೊಡಿಸುತ್ತಿದ್ದವಳು ಅಭ್ಯಾಸಬಲದಲ್ಲಿ, "ಬುಡ್ತು ಅನ್ನಿ. ಹೆಚ್ಚಿತು ಅನ್ನಿ ಮಿಸ್" ಅಂದೆ.

"ಇಲ್ಲ ಅಕ್ಕ, ಒಡೀತು."

ಮುಖ ನೋಡಿದೆ. ಅಳು ಇರಲಿಲ್ಲ, ನಗುವೂ ಇರಲಿಲ್ಲ. ಮಾಲು ಕೊಳ್ಳುವ ಮನಸ್ಸಿದ್ದೂ ತೋರಗೊಡದ ಗಿರಾಕಿಯ ಮುಖವನ್ನು ನಾನು ಓದಬಲ್ಲೆ, ಈ ಮುಖ ಓದಲಾಗಲಿಲ್ಲ. ಎದ್ದು ಹೋಗಿ ಎರಡು ನಾಲ್ಕು ಸೈಜಿನ ಹಸಿರು ಬಳೆಯ ಪೊಟ್ಟಣ ತೆಗೆದುಕೊಂಡು ಬಂದೆ. "ಕೊಡಿ ಕೈನ. ಒಂದ್ ನಿಮಿಷ ಅಷ್ಟೇ."

ಅವರು ಕೈ ಮುಂದೆ ಚಾಚಿ, ಹಿಂದೆ ತೆಗೆದುಕೊಂಡರು. "ಇವತ್ತು ಬೇಡ. ಎತ್ತಿಟ್ಟಿರಿ ಅಕ್ಕ."

"ಹಬ್ಬ ಹತ್ರ ಬಂತಲ್ಲ ಮಿಸ್, ಬರಿಗೈಲಿ..."

"ಎತ್ತಿಟ್ಟಿರಿ," ಅಂದರು ಮತ್ತೆ. ಬ್ಯಾಗು ಹೆಗಲಿಗೇರಿಸಿಕೊಂಡರು. ಬಾಗಿಲಲ್ಲಿ ತಿರುಗಿ, "ಹೋಗ್ತೀನಿ ಅಕ್ಕ" ಅಂದರು.

'ಬರ್ತೀನಿ' ಎನ್ನುವುದು ಹಿಂದೆಯೇ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಅವರು ರಸ್ತೆ ದಾಟಿ ಸ್ಟೇಷನ್ ಕಡೆ ನಡೆದುಬಿಟ್ಟಿದ್ದರು. ಪೊಟ್ಟಣ ಬದಿಗಿಟ್ಟು ಯಾವಾಗ ಮತ್ತೆ ಕೈ ಹಿಡಿದಿದ್ದೆನೋ, ಎದುರು ಕೂತಿದ್ದ ಗಿರಾಕಿ, "ಅಮ್ಮಯ್ಯ, ನನ್ ಬೆರಳು ಬುಡು, ನೋಯ್ತದೆ" ಅಂದಳು.

ಮತ್ತೆ ಅವರು ಕ್ಲಾಸಿಗೆ ಬರಲಿಲ್ಲ. ಹಬ್ಬದ ಮುನ್ನಾದಿನ ನಿಟ್ಟೂರಿನವನು ರೂಮಿನ ಬೀಗದ ಕೈ ತಂದುಕೊಟ್ಟ. ತುಮಕೂರು ಸ್ಟೇಷನ್ನಿನಲ್ಲಿ ಸಿಕ್ಕಿದ್ದರಂತೆ, 'ಅಕ್ಕಂಗೆ ಕೊಟ್ಬಿಡಿ' ಅಂದರಂತೆ. ಅವರ ಕೈ ನೋಡಿದೆಯೇನೋ ಎಂದು ಕೇಳಿದೆ. "ಕೈ ಯಾಕೆ ನೋಡ್ಲಿ ಅಕ್ಕ, ಕೀ ನೋಡ್ದೆ" ಅಂದ. ಗಂಡಸರನ್ನು ಕೇಳಿದ್ದು ನನ್ನ ತಪ್ಪು. ಫೋನು ಮಾಡಿದರೆ ನಂಬರ್ ಚಾಲ್ತಿಯಲ್ಲಿಲ್ಲ ಎಂದಿತು.

ಹಬ್ಬ ಕಳೆದ ಮೇಲೆ ಹುಲಿಯೂರುದುರ್ಗದ ಒಬ್ಬ ಅಂಗಡಿಯವರಿಗೆ ಮಾಲು ಕೊಡಲು ಹೋದವಳು ಕುಣಿಗಲ್ಲಿನಲ್ಲಿ ಇಳಿದು ಅವರ ತವರುಮನೆ ಹುಡುಕಿದೆ. ಮನೆಗೆ ಬೀಗ. ಪಕ್ಕದ ಮನೆಯಾಕೆ, "ಅಳಿಯ ಬಂದು ಕರ್ಕೊಂಡೋದ್ರು, ಪುಣ್ಯವಂತೆ" ಅಂದಳು. ಎದುರು ಮನೆಯ ಅಜ್ಜಿ, "ಎಲ್ಲಿ ಬಂದ? ಆ ಕಡೆಯಿಂದ ಏನೋ ಸುದ್ದಿ ಬಂತು ಕಣವ್ವ, ಮನೆಯೋರೆಲ್ಲ ಹೊಂಟೋದ್ರು" ಎಂದು ದನಿ ಇಳಿಸಿದಳು. ಬೀದಿ ಕೊನೆಯ ದಿನಸಿ ಅಂಗಡಿಯವನ ಪ್ರಕಾರ ಇವೆರಡೂ ಸುಳ್ಳು, ಅವರಿಗೆ ದೂರದ ಯಾವುದೋ ಸ್ಕೂಲಿನಲ್ಲಿ ಕೆಲಸ ಸಿಕ್ಕಿ ಹೋದರು. ಮೂರು ಅಂಗಡಿಯಲ್ಲಿ ಮೂರು ರೇಟು ಹೇಳಿದರೆ ನಡುವಿನದನ್ನು ಹಿಡಿ ಎಂದು ನಾನು ಎಲ್ಲರಿಗೂ ಹೇಳಿಕೊಡುತ್ತೇನೆ. ಇದರಲ್ಲಿ ನಡುವಿನದು ಯಾವುದು?

ಬಸ್ಸಿನಲ್ಲಿ ಕೂತು ಎಲ್ಲವನ್ನೂ ಲೆಕ್ಕ ಹಾಕಿದೆ. ಮಣಿಕಟ್ಟಿನ ಗೀರು ನೋಡಿದರೆ ರೈಲಿನ ಬಾಗಿಲಿಗೆ ಕೈ ತಗುಲಿ ಬಳೆ ಹೋಗಿರಬಹುದು. ಇಡೀ ದಿನ ಬ್ರೇಕ್, ಬ್ರೋಕ್ ಎಂದು ಪಾಠ ಮಾಡಿದವರ ಬಾಯಲ್ಲಿ ಒಂದು ದಿನ ಕನ್ನಡದಲ್ಲೂ ಅದೇ ಬಂದಿರಬಹುದು. ಆದರೆ ನಾನು ತಿದ್ದಿದಾಗ 'ಇಲ್ಲ, ಒಡೀತು' ಎಂದು ಯಾಕೆ ಒತ್ತಿ ಹೇಳಿದರು? ಸುದ್ದಿ ಬಂದಿದ್ದರೆ ಬಲಗೈ ಬಳೆ ಯಾಕೆ ಉಳಿಯಿತು? ಅವನೇ ಬೇಡವೆಂದು ತಾವೇ ಬಳೆ ತೆಗೆದರೋ? ಎಲ್ಲಕ್ಕಿಂತ ನನ್ನ ತಲೆ ತಿನ್ನುವುದು ಇದು: 'ಎತ್ತಿಟ್ಟಿರಿ' ಎಂದವರು ವಾಪಸ್ಸು ಬರುವವರು. 'ಹೋಗ್ತೀನಿ' ಎಂದವರು ಬರದವರು. ಜೊತೆ ಸೇರದ ಪದಗಳನ್ನು ಬೋರ್ಡಿನಿಂದ ಅಳಿಸಿಹಾಕುತ್ತಿದ್ದ ಮಿಸ್ಸೇ ಈ ಎರಡನ್ನೂ ಒಂದರ ಹಿಂದೊಂದು ಆಡಿ ಹೋದರಲ್ಲ...

ವರ್ಷಗಳಾದವು. ರೂಮನ್ನು ಆಮೇಲೆ ಟೈಲರ್ ಒಬ್ಬರಿಗೆ ಕೊಟ್ಟೆ, ಈಗ ಅಲ್ಲಿ ಮಿಷಿನ್ ಎಣ್ಣೆಯ ವಾಸನೆ. ಬೆಂಗಳೂರಿನ ಮೇಡಂ ಜೊತೆ ಈಗ ನಾನು ಇಂಗ್ಲಿಷಿನಲ್ಲೇ ಚೌಕಾಸಿ ಮಾಡುತ್ತೇನೆ. 'ಯೂ ಡ್ರೈವ್ ಎ ಹಾರ್ಡ್ ಬಾರ್ಗೇನ್' ಎಂದು ಅವರೂ ಒಮ್ಮೆ ಅಂದರು. ಫೋನಿಟ್ಟ ಮೇಲೆ ಇದನ್ನು ಯಾರಿಗೆ ಹೇಳಿ ನಗಲಿ ಎಂದು ಮೆಟ್ಟಿಲ ಕಡೆ ನೋಡಿದೆ, ಅಷ್ಟೇ.

"ಆಂಟಿ, ಯಾವ್ಯಾವ್ದು ಒಡೆದೈತೆ ಅಂತ ಹೇಳಿ, ಬರ್ಕೋತೀನಿ," ಎಂದು ಕೊರಿಯರ್‌ನವನು ಅವಸರ ಮಾಡಿದ. ನೋಡಿದರೆ ಮೇಲಿನ ಸಾಲಿನಲ್ಲಿದ್ದದ್ದು ಹಸಿರು, ಎರಡು ನಾಲ್ಕು. 'ಹೆಚ್ಚಿದೆ' ಅನ್ನಲು ಹೋದೆ, ಬಾಯಿಗೆ ಬರಲಿಲ್ಲ. 'ಒಡೆದಿದೆ' ಎಂದೂ ಬರಲಿಲ್ಲ. ಬೆರಳಿಟ್ಟು ತೋರಿಸಿದೆ, ಅವನು ಬರೆದುಕೊಂಡು ಹೋದ.

ಆ ಮಾಲಿಗಾಗಿಯೇ ಕಾದು ಕೂತಿದ್ದ ಊರ್ಡಿಗೆರೆಯ ಹೆಂಗಸೊಬ್ಬಳು ಸಪ್ಪಗಾದಳು. ಸೀಮಂತಕ್ಕೆ ಬೇಕಿತ್ತಂತೆ. ಕಣ್ಣು ಚುರುಕು ಅವಳದು, ಮೇಲಿನ ಶೆಲ್ಫಿನ ಮೂಲೆಯಲ್ಲಿ ಒಂಟಿಯಾಗಿದ್ದ ಪೊಟ್ಟಣವನ್ನು ಹಿಡಿದುಬಿಟ್ಟಳು.

"ಅಲ್ಲೈತಲ್ಲಕ್ಕ ಹಸಿರು! ಅದೇ ಸೈಜಲ್ವಾ?"

"ಅದು ಮಾರಕ್ಕಲ್ಲ."

"ನೀನ್ ಹೇಳ್ದಷ್ಟೇ ಕೊಡ್ತೀನಿ, ಚೌಕಾಸಿನೇ ಮಾಡಲ್ಲ."

ನನ್ನ ಇಡೀ ಬದುಕಿನಲ್ಲಿ ಆ ಮಾತಿಗೆ ಇಲ್ಲ ಎಂದವಳಲ್ಲ ನಾನು. "ಇಲ್ಲ ಕಣವ್ವ, ಎತ್ತಿಟ್ಟಿರೋದು," ಅಂದೆ.

"ಯಾರಿಗೆ?"

"ನಮ್ ಮಿಸ್‌ಗೆ..." ಎಂದೆ. ಮುಂದಿನ ಮಾತಿಗೆ ಅವಳು ನನ್ನ ಮುಖ ನೋಡುತ್ತಿದ್ದಳು. 'ಬರ್ತಾರೆ' ಅನ್ನಲೋ, 'ಬರ್ತಿದ್ರು' ಅನ್ನಲೋ ತಿಳಿಯಲಿಲ್ಲ. ಪೊಟ್ಟಣ ಇಳಿಸಿ, ಧೂಳು ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ.